ಕೋಟಿ ಕಂಠವಾಯಿತು, ಎರಡನೆಯ ಸ್ವರ ಬೇಕು

ಮಾನ್ಯ ಸಂಪಾದಕರೇ,

ಜನಪ್ರಿಯ ಗೀತೆಗಳನ್ನು ಹೊಸ ಸ್ವರವಿನ್ಯಾಸದಲ್ಲಿ ಹಾಡುವ ಗಾಯನ ವೃಂದಗಳ ಕುರಿತು ತಮ್ಮ ಪತ್ರಿಕೆಯ ವಾಚಕರ ವಿಭಾಗದಲ್ಲಿ ನಡೆಯುತ್ತಿರುವ ಚರ್ಚೆಯನ್ನು ಆಸಕ್ತಿಯಿಂದ ಓದುತ್ತಿದ್ದೇನೆ. ಇಪ್ಪತ್ತು ಮೂವತ್ತು ಮಂದಿ ಯುವಕ ಯುವತಿಯರು ಸಾಲಾಗಿ ನಿಂತು, ವಾದ್ಯಗಳ ಕೆಲಸವನ್ನೂ ಬಾಯಿಂದಲೇ ಮಾಡುತ್ತ, ನಾವು ಬಾಲ್ಯದಿಂದ ಕೇಳಿದ ಹಾಡನ್ನು ಗುರುತು ಸಿಗದಂತೆ ಮಾಡಿಬಿಡುತ್ತಾರೆಂಬುದು ಒಬ್ಬ ಓದುಗರ ದೂರು. ಕಾಲ ಬದಲಾದಂತೆ ಹಾಡೂ ಬದಲಾಗಬೇಕೆಂಬುದು ಮತ್ತೊಬ್ಬರ ಉತ್ತರ. ಈ ವಾದ ಪ್ರತಿವಾದದಲ್ಲಿ, ಅಂಥ ವೃಂದವೊಂದು ಹಾಡಿಗೆ ನಿಜವಾಗಿ ಏನು ಮಾಡುತ್ತದೆ ಎಂಬ ಸಂಗತಿ ಮಾತ್ರ ಪ್ರಸ್ತಾಪಕ್ಕೇ ಬರಲಿಲ್ಲ. ಮೂರು ದಶಕಗಳಿಗೂ ಹೆಚ್ಚು ಕಾಲ ಪ್ರೌಢಶಾಲೆಯ ಮಕ್ಕಳಿಗೆ ಹಾಡು ಕಲಿಸಿದವಳಾದ್ದರಿಂದ ಆ ಬಗ್ಗೆ ಕೆಲವು ಮಾತು ಬರೆಯುವ ಧೈರ್ಯ ಮಾಡುತ್ತಿದ್ದೇನೆ. ಪತ್ರ ಸ್ವಲ್ಪ ದೀರ್ಘವಾದರೆ ಮನ್ನಿಸಬೇಕು.

ಈ ಬಗೆಯ ಗಾಯನವನ್ನು ನಮ್ಮ ದೇಶದ ಮನೆಮನೆಗೆ ಮುಟ್ಟಿಸಿದವರು ಮೇಘಾಲಯದ ಶಿಲ್ಲಾಂಗ್ ಚೇಂಬರ್ ಕಾಯರ್‌ನವರು. ಲಂಡನ್ನಿನಲ್ಲಿ ಪಿಯಾನೊ ಅಭ್ಯಾಸ ಮಾಡಿದ ನೀಲ್ ನಾಂಗ್‌ಕಿನ್ರಿ ಅವರು ತಮ್ಮ ಊರಿಗೆ ಮರಳಿ 2001ರಲ್ಲಿ ಈ ವೃಂದವನ್ನು ಕಟ್ಟಿದರು. 2010ರಲ್ಲಿ ಚೀನಾದ ಶಾವೋಶಿಂಗ್‌ನಲ್ಲಿ ನಡೆದ ವಿಶ್ವ ಕಾಯರ್ ಕ್ರೀಡೋತ್ಸವದಲ್ಲಿ ಅದು ಮೂರು ವಿಭಾಗಗಳಲ್ಲಿ ಚಿನ್ನ ಪಡೆಯಿತು. ಅದೇ ವರ್ಷ ಟಿ.ವಿ.ಯ ಪ್ರತಿಭಾ ಸ್ಪರ್ಧೆಯೊಂದರಲ್ಲಿ ಹಿಂದಿ ಚಿತ್ರಗೀತೆಗಳನ್ನು ಪಾಶ್ಚಾತ್ಯ ಶಾಸ್ತ್ರೀಯ ಗಾಯನದೊಡನೆ ಹೆಣೆದು ಹಾಡಿ ಗೆದ್ದಿತು. ನವೆಂಬರಿನಲ್ಲಿ ಅಮೆರಿಕದ ಅಧ್ಯಕ್ಷ ಬರಾಕ್ ಒಬಾಮ ಅವರ ಮುಂದೆ ರಾಷ್ಟ್ರಪತಿ ಭವನದಲ್ಲಿ ಹಾಡಿತು. ನೀಲ್ ಅವರಿಗೆ 2015ರಲ್ಲಿ ಪದ್ಮಶ್ರೀ ಬಂತು, 2022ರ ಜನವರಿಯಲ್ಲಿ ಅವರು ತೀರಿಕೊಂಡರು. ಈ ವಿವರಗಳು ಎಲ್ಲ ಪತ್ರಿಕೆಗಳಲ್ಲಿಯೂ ಬಂದಿವೆ. ಅವರು ಮಾಡಿದ ಕೆಲಸ ಯಾವ ಜಾತಿಯದು ಎಂಬುದನ್ನು ಬಿಡಿಸಿ ಹೇಳಿದ ಬರಹ ಮಾತ್ರ ಕನ್ನಡದಲ್ಲಿ ನನ್ನ ಕಣ್ಣಿಗೆ ಬಿದ್ದಿಲ್ಲ.

ಚಿತ್ರಗೀತೆಯಲ್ಲಾಗಲಿ ನಮ್ಮ ಭಾವಗೀತೆಯಲ್ಲಾಗಲಿ ಹಾಡುವವರ ಧಾಟಿ ಒಂದೇ. ಆ ಒಂದು ಎಳೆಯ ಸುತ್ತ ಪಿಟೀಲು, ಕೊಳಲು, ಗಿಟಾರು, ತಬಲಾಗಳು ಅಂಗಳ ಕಟ್ಟುತ್ತವೆ. ಎರಡು ಚರಣಗಳ ನಡುವಿನ ಖಾಲಿಯನ್ನು ವಾದ್ಯಗಳೇ ತುಂಬುತ್ತವೆ. ಕಾಯರ್‌ಗಾಗಿ ಹಾಡನ್ನು ಅಣಿಗೊಳಿಸುವವರು ಈ ಅಂಗಳವನ್ನೆಲ್ಲ ಕಿತ್ತು, ಅದನ್ನು ಮನುಷ್ಯ ಕಂಠದಿಂದ ಮತ್ತೆ ಕಟ್ಟುತ್ತಾರೆ. ಸೊಪ್ರಾನೊ ಎನ್ನುವ ಹೆಣ್ಣಿನ ಮೇಲು ದನಿಗೆ ಬಹುಪಾಲು ಮೂಲ ಧಾಟಿ ಸಿಗುತ್ತದೆ. ಆಲ್ಟೊ ಎನ್ನುವ ಹೆಣ್ಣಿನ ತಗ್ಗು ದನಿ ಅದಕ್ಕೆ ಎರಡು ಸ್ವರ ಕೆಳಗೆ ನೆರಳಿನಂತೆ ನಡೆಯಬಹುದು, ಅಥವಾ ಧಾಟಿ ಏರುವಾಗ ತಾನು ಇಳಿಯಬಹುದು. ಟೆನರ್ ಎನ್ನುವ ಗಂಡಿನ ಮೇಲು ದನಿ ನಡುನಡುವೆ ಒಂದು ಪ್ರತ್ಯುತ್ತರ ಕೊಡುತ್ತದೆ. ತಳದಲ್ಲಿ ಬಾಸ್ ಎಂಬ ಮಂದ್ರ ದನಿ ಒಂದೊಂದೇ ಹೆಜ್ಜೆ ಇಡುತ್ತ, ಕೇಳುವವರಿಗೆ ಹಾಡು ಮನೆಯಲ್ಲಿದೆಯೋ ಹೊರಗೆ ಹೊರಟಿದೆಯೋ ಎಂಬುದನ್ನು ತಿಳಿಸುತ್ತದೆ. ಸ್ವಾರಸ್ಯವಿರುವುದು ಇಲ್ಲಿಯೇ. ಧಾಟಿಯಲ್ಲಿ ಒಂದೇ ಗಂಧಾರ ಎರಡು ಬಾರಿ ಬಂದಿತೆಂದುಕೊಳ್ಳಿ. ಮೊದಲ ಸಲ ಬಾಸ್ ಷಡ್ಜದಲ್ಲಿದ್ದರೆ ಆ ಗಂಧಾರ ನೆಮ್ಮದಿಯಾಗಿ ಕೇಳುತ್ತದೆ. ಎರಡನೆಯ ಸಲ ಬಾಸ್ ಧೈವತಕ್ಕೆ ಜಾರಿದರೆ ಅದೇ ಗಂಧಾರ, ಅದೇ ಅಕ್ಷರ, ಅದೇ ಗಾಯಕಿ, ಆದರೆ ಎದೆಯಲ್ಲಿ ಏನೋ ಕಲಕಿದಂತಾಗುತ್ತದೆ. ಮೂಲ ಹಾಡಿನ ಒಂದು ಸ್ವರವನ್ನೂ ಮುಟ್ಟದೆ ಅದರ ಅರ್ಥವನ್ನು ಬದಲಿಸಬಹುದಾದ ಈ ವಿದ್ಯೆಯನ್ನು 'ರೀಮಿಕ್ಸ್' ಎಂದು ಕರೆದು ತಳ್ಳಿಹಾಕುವುದು ಸರಿಯಲ್ಲ. ರೀಮಿಕ್ಸ್ ಎಂದರೆ ಧ್ವನಿಮುದ್ರಣವನ್ನು ಕತ್ತರಿಸಿ ಅಂಟಿಸುವುದು. ಇಲ್ಲಿ ನಡೆಯುವುದು ಹೊಸ ಬರವಣಿಗೆ. ಯಾರೋ ಒಬ್ಬರು ಕಾಗದ ಪೆನ್ಸಿಲು ಹಿಡಿದು ಕುಳಿತು ನಾಲ್ಕು ಸಾಲು ಸ್ವರ ಬರೆದ ಮೇಲೆಯೇ ಮಕ್ಕಳು ಬಾಯಿ ತೆರೆಯುತ್ತಾರೆ.

ಶಿಲ್ಲಾಂಗ್‌ನವರಿಗೆ ಇದು ಸಾಧ್ಯವಾದದ್ದರ ಹಿಂದೆ ಪರಂಪರೆಯೊಂದಿದೆ. ಶಿಲ್ಲಾಂಗ್ ಇರುವ ಖಾಸಿ ಬೆಟ್ಟಗಳಿಗೆ ವೇಲ್ಸ್‌ನ ಮಿಷನರಿ ಬಂದಿಳಿದದ್ದು 1841ರಲ್ಲಿ. ಅಂದಿನಿಂದ ಅಲ್ಲಿನ ಚರ್ಚುಗಳಲ್ಲಿ ಭಾನುವಾರದ ಗೀತೆಗಳನ್ನು ನಾಲ್ಕು ಸ್ವರಗಳಲ್ಲಿ, ಎಂದರೆ ನಾಲ್ಕು ದನಿಗಳ ಬೇರೆ ಬೇರೆ ಸ್ವರಸಾಲುಗಳಲ್ಲಿ, ಹಾಡುವ ಅಭ್ಯಾಸ ಬೇರೂರಿತು. ಆರು ವರ್ಷದ ಹುಡುಗಿ ಅಜ್ಜಿಯ ಪಕ್ಕದಲ್ಲಿ ಕುಳಿತು, ಅಜ್ಜಿ ಹಾಡುತ್ತಿರುವ ಸಾಲು ಮುಂದಿನ ಬೆಂಚಿನವರು ಹಾಡುತ್ತಿರುವ ಸಾಲಿಗಿಂತ ಬೇರೆಯೆಂಬುದನ್ನು ಯಾರೂ ಹೇಳಿಕೊಡದೆಯೇ ತಿಳಿಯುತ್ತಾಳೆ. ಪರರ ದನಿಗೆ ಕಿವಿಗೊಡುತ್ತಲೇ ತನ್ನ ಸ್ವರವನ್ನು ಬಿಟ್ಟುಕೊಡದಿರುವ ಈ ಶಿಸ್ತು ಶಾಲೆಯ ಪಾಠದಿಂದ ಬರುವುದು ಬಹಳ ಕಷ್ಟ. ನಾನು ಪ್ರಯತ್ನಿಸಿ ನೋಡಿದವಳಾದ್ದರಿಂದ ಹೇಳುತ್ತಿದ್ದೇನೆ.

ನಮ್ಮಲ್ಲಿ ಸಮೂಹಗಾನವೆಂದರೆ ಎಲ್ಲರೂ ಕೂಡಿ ಒಂದೇ ಸ್ವರ ಹಾಡುವುದು. 2022ರ ಅಕ್ಟೋಬರ್ 28ರಂದು ರಾಜ್ಯದಾದ್ಯಂತ ನಡೆದ 'ಕೋಟಿ ಕಂಠ ಗಾಯನ'ವನ್ನು ಓದುಗರು ಮರೆತಿರಲಾರರು. ಕುವೆಂಪು, ಹುಯಿಲಗೋಳ ನಾರಾಯಣರಾಯರು, ಡಿ.ಎಸ್. ಕರ್ಕಿ, ಚೆನ್ನವೀರ ಕಣವಿ ಮತ್ತು ಹಂಸಲೇಖ ಅವರ ಆರು ಗೀತೆಗಳನ್ನು ಶಾಲೆ, ಕಚೇರಿ, ಬಯಲುಗಳಲ್ಲಿ ಜನ ಏಕಕಾಲಕ್ಕೆ ಹಾಡಿದರು. ನಾನೂ ನಮ್ಮ ಬಡಾವಣೆಯ ಗುಂಪಿನಲ್ಲಿ ನಿಂತು ಹಾಡಿದೆ, ಕಣ್ಣು ತುಂಬಿಬಂದದ್ದೂ ನಿಜ. ಕೋಟಿ ಕಂಠಗಳಿಗೆ ಒಂದೇ ಒಂದು ಸಾಲು ಸ್ವರ ಸಾಕಾಯಿತಲ್ಲ ಎಂಬ ಯೋಚನೆ ಬಂದದ್ದು ಮನೆಗೆ ಮರಳುವ ದಾರಿಯಲ್ಲಿ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸರ್ಕಾರವು ನಾಡಗೀತೆಯನ್ನು ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ, ಆಲಾಪ ಹಾಗೂ ಪುನರಾವರ್ತನೆಗಳಿಲ್ಲದೆ, 2 ನಿಮಿಷ 30 ಸೆಕೆಂಡುಗಳಲ್ಲಿ ಹಾಡತಕ್ಕದ್ದೆಂದು ಆದೇಶಿಸಿತ್ತು. ಯಾರ ಧಾಟಿ, ಎಷ್ಟು ನಿಮಿಷ ಎಂಬ ಬಗ್ಗೆ ವರ್ಷಗಟ್ಟಲೆ ವಾದ ನಡೆಯಿತು, ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದ್ದಾಯಿತು. ಆ ಧಾಟಿಗೆ ಒಪ್ಪುವ ಎರಡನೆಯ ಸ್ವರಸಾಲೊಂದು ಇರಬಹುದೇ ಎಂಬ ಪ್ರಶ್ನೆ ಆ ವಾದದ ಯಾವ ಘಟ್ಟದಲ್ಲಿಯೂ ನನ್ನ ಕಿವಿಗೆ ಬೀಳಲಿಲ್ಲ. (ನಾಡಗೀತೆಯನ್ನು ಯಾರು ಬೇಕಾದರೂ ಬದಲಿಸಲಿ ಎಂದು ನಾನು ಹೇಳುತ್ತಿಲ್ಲ, ಅದಕ್ಕೊಂದು ಮರ್ಯಾದೆಯಿದೆ, ಅದು ಹಾಗೆಯೇ ಇರಲಿ.)

ಬಹುಸ್ವರದ ಗಾಯನ ಕನ್ನಡಕ್ಕೆ ಪರಕೀಯವೆಂದು ಒಬ್ಬ ಓದುಗರು ಬರೆದಿದ್ದಾರೆ. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ, ಎಂದರೆ ಖಾಸಿ ಬೆಟ್ಟಗಳಲ್ಲಿ ಈ ಅಭ್ಯಾಸ ಮೊಳೆಯುವುದಕ್ಕೂ ಮೊದಲೇ. ಅವರು ಕಟ್ಟಿದ ಸಭೆಗಳಲ್ಲಿ, ಮಂಗಳೂರಿನಿಂದ ಹಿಡಿದು ನಮ್ಮ ಧಾರವಾಡ ಹುಬ್ಬಳ್ಳಿಯವರೆಗೆ, ಕನ್ನಡದ ಗೀತೆಗಳನ್ನು ನಾಲ್ಕು ಸ್ವರಗಳಲ್ಲಿ ಹಾಡುವವರು ತಲೆಮಾರುಗಳಿಂದ ಇದ್ದಾರೆ. ನಿಘಂಟಿನ ಕಿಟ್ಟೆಲ್ ಅವರನ್ನು ನೆನೆಯುವಾಗ ನಾವು ಪದಗಳನ್ನಷ್ಟೇ ಲೆಕ್ಕ ಹಾಕುತ್ತೇವೆ. ಅವರು ಸೇರಿದ ಆ ಮಿಷನ್ನಿನ ಅಂಗಳದಲ್ಲಿ ಕನ್ನಡ ನುಡಿ ಆಲ್ಟೊ, ಟೆನರ್‌ಗಳ ಬಾಯಿಗೆ ಬಂದದ್ದು ನಮ್ಮ ಸಂಗೀತ ಚರಿತ್ರೆಯ ಪುಟಗಳಲ್ಲಿ ಇನ್ನೂ ಜಾಗ ಪಡೆದಿಲ್ಲ. ನಮ್ಮ ಜನಪದ ಗಾಯಕರಾದ ಕಂಸಾಳೆಯವರಲ್ಲಿ, ನೀಲಗಾರರಲ್ಲಿ ಮುಂದಿನವರ ಪದ ಮುಗಿಯುವ ಮೊದಲೇ ಹಿಮ್ಮೇಳದವರು ಸೊಲ್ಲು ಹಿಡಿದು, ಒಂದು ಕ್ಷಣ ಎರಡು ಸಾಲುಗಳು ಒಂದರ ಮೇಲೊಂದು ಬೀಳುವುದನ್ನು ಕೇಳಿದವರಿಗೆ ಇನ್ನೂ ಹಳೆಯ ಬೇರು ಕಾಣಿಸೀತು. ಅದು ಹಾರ್ಮನಿಯೆಂದು ನಾನು ಸಾಧಿಸಲು ಹೊರಟಿಲ್ಲ, ಆದರೆ ಎರಡು ಸಾಲನ್ನು ಒಟ್ಟಿಗೆ ಕೇಳುವ ಕಿವಿ ನಮಗಿಲ್ಲವೆಂಬ ಮಾತಂತೂ ನಿಲ್ಲುವುದಿಲ್ಲ.

ಹಾಗೆಂದು ದೂರು ಬರೆದ ಓದುಗರ ಸಂಕಟ ಸುಳ್ಳಲ್ಲ. ಇತ್ತೀಚೆಗೆ ಮೊಬೈಲಿನಲ್ಲಿ ಕೇಳಸಿಗುವ ಎಷ್ಟೋ ಕನ್ನಡ ಪ್ರಯೋಗಗಳು ನನಗೂ ಹಿಡಿಸುವುದಿಲ್ಲ, ಮತ್ತು ಅದಕ್ಕೆ ನಿರ್ದಿಷ್ಟ ಕಾರಣಗಳಿವೆ. ನಮ್ಮ ಭೂಪ ರಾಗವನ್ನು, ದಕ್ಷಿಣದವರು ಮೋಹನ ಎನ್ನುವುದನ್ನು, ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ಅದರಲ್ಲಿ ಮಧ್ಯಮವಿಲ್ಲ, ನಿಷಾದವಿಲ್ಲ. ಪಾಶ್ಚಾತ್ಯ ಜನಪ್ರಿಯ ಹಾಡಿಗೆ ಆಧಾರವಾದ ಮೂರು ಕಾರ್ಡುಗಳು, ಎಂದರೆ ಒಟ್ಟಿಗೆ ನುಡಿಸುವ ಸ್ವರಗುಚ್ಛಗಳು, ಸಾ-ಗ-ಪ, ಮ-ಧ-ಸಾ ಮತ್ತು ಪ-ನಿ-ರೆ. ಎರಡನೆಯದಕ್ಕೆ ಮಧ್ಯಮ ಬೇಕು, ಮೂರನೆಯದಕ್ಕೆ ನಿಷಾದ ಬೇಕು. ಕೀಬೋರ್ಡಿನ ಮುಂದೆ ಕುಳಿತ ತರುಣ ಸಂಯೋಜಕ ಯೋಚಿಸದೆ ಅವೆರಡನ್ನೂ ಒತ್ತಿದಾಗ, ಮೇಲೆ ಧಾಟಿ ಭೂಪದಲ್ಲಿಯೇ ಇದ್ದರೂ ಕೆಳಗಿನಿಂದ ಎರಡು ವರ್ಜ್ಯ ಸ್ವರಗಳು ನುಸುಳಿ, ರಾಗ ಕರಗಿಹೋಗಿ ಬರಿಯ ಬಿಲಾವಲಿನ, ಎಂದರೆ ಏಳೂ ಶುದ್ಧ ಸ್ವರಗಳ, ಸಪ್ತಕ ಉಳಿಯುತ್ತದೆ. 'ಏನೋ ಕೆಟ್ಟಿದೆ' ಎಂದು ಹಿರಿಯರಿಗೆ ಅನ್ನಿಸುವುದು ಇದರಿಂದ. ಅದಕ್ಕೆ ಹೆಸರು ಕೊಡಲು ಬಾರದೆ ಅವರು ಮಕ್ಕಳ ಬಟ್ಟೆಬರೆಯನ್ನೂ ಚಪ್ಪಾಳೆಯನ್ನೂ ಬೈಯುತ್ತಾರೆ. ದರ್ಬಾರಿ ರಾಗದ ಗಂಧಾರದಂಥ ಆಂದೋಲಿತ ಸ್ವರಕ್ಕಂತೂ ಇನ್ನೂ ಕಷ್ಟ. ಒಬ್ಬ ಗಾಯಕರು ತೂಗಾಡಿಸುವ ಆ ಸ್ವರವನ್ನು ಇಪ್ಪತ್ತು ಜನ ಒಂದೇ ಅಳತೆಯಲ್ಲಿ ತೂಗಾಡಿಸಲಾರರು, ಅದರ ಕೆಳಗೆ ನಿಂತ ಕಾರ್ಡಂತೂ ಅಲುಗಾಡುವುದೇ ಇಲ್ಲ. ಹೀಗಾಗಿ ಸ್ವರವನ್ನು ನೆಟ್ಟಗೆ ನಿಲ್ಲಿಸಿಬಿಡುತ್ತಾರೆ, ದರ್ಬಾರಿ ಅಲ್ಲಿಗೆ ಮುಗಿಯಿತು. ಅಂಥ ಹಾಡುಗಳನ್ನು ಕಾಯರ್ ಮುಟ್ಟದಿರುವುದೇ ಲೇಸು.

ಭೂಪಕ್ಕಾದರೋ ದಾರಿಗಳಿವೆ. ಅದರಲ್ಲಿ ಅರ್ಧ ಅಂತರದ ಪಕ್ಕದ ಸ್ವರಗಳೇ ಇಲ್ಲವಾದ್ದರಿಂದ, ಒಂದು ಗುಂಪು ಹಾಡಿದ ಸಾಲನ್ನೇ ಇನ್ನೊಂದು ಗುಂಪು ಒಂದು ಆವರ್ತನ ತಡವಾಗಿ ಎತ್ತಿಕೊಂಡರೆ ಎರಡೂ ತಾಕಲಾಡದೆ ಕೂಡಿಕೊಳ್ಳುತ್ತವೆ. ಬಾಸ್‌ಗೆ ತಂಬೂರಿಯ ಸಾ-ಪ ಕೊಟ್ಟು ಕೂರಿಸಬಹುದು. ಬೀಟ್‌ಬಾಕ್ಸಿನ ಬದಲು ತಬಲಾದ ಬೋಲುಗಳನ್ನೇ ಬಾಯಲ್ಲಿ ಹೇಳಿಸಬಹುದು. ಹೀಗೆ ರಾಗದೊಳಗಿನಿಂದಲೇ ಹೊಸದನ್ನು ಹುಡುಕುವವರು ಬೇಕು.

ಇನ್ನೊಂದು ತೊಡಕು ನುಡಿಯದು. ಕನ್ನಡದಲ್ಲಿ ಹ್ರಸ್ವ ದೀರ್ಘಗಳ ಮೇಲೆ ಅರ್ಥವೇ ನಿಂತಿದೆ. ನಾಲ್ಕೂ ದನಿಗಳು ಒಟ್ಟಿಗೆ ತಂಗಲೆಂದು ಹ್ರಸ್ವಾಕ್ಷರವೊಂದನ್ನು ಎರಡು ಮಾತ್ರೆ ಎಳೆದರೆ ಕೈಯಲ್ಲಿದ್ದ ಬಳೆ ಬಾಳೆಯಾಗುತ್ತದೆ, ಮರ ಮಾರನಾಗುತ್ತಾನೆ. ದ್ವಿತೀಯಾಕ್ಷರ ಪ್ರಾಸವಿರುವ ಪದ್ಯದಲ್ಲಿ ಆಲ್ಟೊ ಒಂದು ಅಕ್ಷರ ಹಿಂದೆ, ಟೆನರ್ ಒಂದು ಅಕ್ಷರ ಮುಂದೆ ನಡೆದರೆ ಕವಿ ಕಷ್ಟಪಟ್ಟು ಜೋಡಿಸಿದ ಪ್ರಾಸ ಕೇಳಿಸುವುದೇ ಇಲ್ಲ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ಮಕ್ಕಳು ಳಕಾರವನ್ನು ಲಕಾರ ಮಾಡುವ ಬಗ್ಗೆ ಬೇರೆಯೇ ಪತ್ರ ಬರೆಯಬೇಕಾದೀತು.

ಈ ತೊಡಕುಗಳನ್ನು ನಮ್ಮ ದೇಶದಲ್ಲೇ ಬಿಡಿಸಿ ತೋರಿಸಿದವರಿದ್ದಾರೆ. ಬಂಗಾಳದ ಸಂಗೀತ ನಿರ್ದೇಶಕ ಸಲಿಲ್ ಚೌಧರಿ ಅವರು 1958ರಲ್ಲಿ ಬಾಂಬೆ ಯೂತ್ ಕಾಯರ್ ಕಟ್ಟಿ, ಜನಪದ ಹಾಗೂ ಚಳವಳಿಯ ಧಾಟಿಗಳಿಗೆ ಬಹುಸ್ವರದ ವಿನ್ಯಾಸ ಬರೆದರು. 1977ರಲ್ಲಿ ತೆರೆಕಂಡ ಬಾಲು ಮಹೇಂದ್ರರ ಕನ್ನಡ ಚಿತ್ರ 'ಕೋಕಿಲ'ಕ್ಕೆ ಸಂಗೀತ ಕೊಟ್ಟವರೂ ಅವರೇ ಆದ್ದರಿಂದ ನಮಗೆ ಅವರು ತೀರ ಹೊರಗಿನವರೇನಲ್ಲ. ಚೆನ್ನೈಯಲ್ಲಿ ಸಂಗೀತ ನಿರ್ದೇಶಕ ಎಂ.ಬಿ. ಶ್ರೀನಿವಾಸನ್ ಅವರು ಮದ್ರಾಸ್ ಯೂತ್ ಕಾಯರ್ ಮೂಲಕ ಸುಬ್ರಹ್ಮಣ್ಯ ಭಾರತಿಯವರ ಪದ್ಯಗಳನ್ನು ವೃಂದಗಾನವಾಗಿಸಿ, ಸಾಮಾನ್ಯ ಉದ್ಯೋಗಸ್ಥರ ಬಾಯಲ್ಲಿ ಹಾಡಿಸಿದರು. ಬೇಂದ್ರೆಯವರ ಊರಿನಲ್ಲಿ ಕುಳಿತು ಇದನ್ನು ಬರೆಯುವಾಗ ಸ್ವಲ್ಪ ಹೊಟ್ಟೆಕಿಚ್ಚಾಗುವುದನ್ನು ಮುಚ್ಚಿಡಲಾರೆ. ಮೂಲ ಧಾಟಿಯ ಪಾವಿತ್ರ್ಯದ ಬಗ್ಗೆ ಬರೆದವರಿಗೆ ಒಂದು ನೆನಪು: ಪಿ. ಕಾಳಿಂಗರಾಯರು ಸೋಹನ್‌ಕುಮಾರಿ, ಮೋಹನ್‌ಕುಮಾರಿಯರೊಡನೆ ಕವಿಗಳ ಪದ್ಯಗಳನ್ನು ವಾದ್ಯವೃಂದದ ನಡುವೆ ಹಾಡಿದಾಗ ಅದೂ ಆ ಕಾಲಕ್ಕೆ ಆಧುನಿಕ ವಿನ್ಯಾಸವೇ ಆಗಿತ್ತು. ನಾವು ಇಂದು 'ಮೂಲ' ಎನ್ನುವುದು ಅಂದಿನ ಪ್ರಯೋಗವನ್ನು.

ನನ್ನ ಅನುಭವವನ್ನು ಹೇಳುತ್ತೇನೆಂದು ಮೇಲೆ ಸೂಚಿಸಿದ್ದೆ. ನಿವೃತ್ತಿಗೆ ನಾಲ್ಕು ವರ್ಷ ಮೊದಲು, ರಾಜ್ಯೋತ್ಸವಕ್ಕೆಂದು ಒಂಬತ್ತನೆಯ ತರಗತಿಯ ಹದಿನಾರು ಹುಡುಗಿಯರಿಗೆ ನಾಡು ನುಡಿಯ ಗೀತೆಯೊಂದನ್ನು ಎರಡು ಸ್ವರಗಳಲ್ಲಿ ಕಲಿಸಲು ಹೊರಟೆ. ಎರಡನೆಯ ಸಾಲನ್ನು ನಾನೇ ಬರೆದಿದ್ದೆ. ಪಾಂಡಿತ್ಯವೇನಿಲ್ಲ, ಧಾಟಿ ಪಂಚಮದಲ್ಲಿ ನಿಂತಾಗ ಗಂಧಾರ, ಷಡ್ಜಕ್ಕೆ ಇಳಿದಾಗ ಮಂದ್ರ ಪಂಚಮ, ಅಷ್ಟೇ. ಪ್ರತ್ಯೇಕವಾಗಿ ಹಾಡಿದಾಗ ಎರಡು ಗುಂಪುಗಳೂ ಚೆನ್ನಾಗಿಯೇ ಹಾಡಿದವು. ಕೂಡಿಸಿದ ಕೂಡಲೇ ಎರಡನೆಯ ಗುಂಪು ಮೂರನೆಯ ಮಾತಿಗೇ ಮೊದಲ ಗುಂಪಿನ ಧಾಟಿಗೆ ಜಾರಿಬಿಡುತ್ತಿತ್ತು. ಕಿವಿಗೆ ಬೆರಳಿಟ್ಟುಕೊಂಡು ಹಾಡಿಸಿದೆ, ವರಾಂಡದ ಎರಡು ತುದಿಗಳಲ್ಲಿ ನಿಲ್ಲಿಸಿ ಹಾಡಿಸಿದೆ, ಹಾರ್ಮೋನಿಯಮ್ಮಿನಲ್ಲಿ ಎರಡನೆಯ ಸಾಲನ್ನಷ್ಟೇ ನುಡಿಸುತ್ತ ಕುಳಿತೆ. ಒಬ್ಬಳು ಹುಡುಗಿ ಮಾತ್ರ ಮೊದಲ ದಿನದಿಂದಲೂ ಕದಲದೆ ತನ್ನ ಸಾಲಿನಲ್ಲಿ ನಿಂತಿದ್ದಳು. ಅವಳು ಪ್ರತಿ ಭಾನುವಾರ ಅವ್ವನ ಜೊತೆ ಚರ್ಚಿನಲ್ಲಿ ಹಾಡುವವಳೆಂದು ಆಮೇಲೆ ತಿಳಿಯಿತು. ಉಳಿದವರನ್ನೆಲ್ಲ ಅವಳ ಸುತ್ತ ನಿಲ್ಲಿಸಿ, 'ಆಕಿ ಬಾಯಿ ನೋಡ್ಕೋತ ಹಾಡ್ರಿ' ಎಂದೆ. ಐದನೆಯ ವಾರದಲ್ಲಿ ಒಂದು ಸಂಜೆ ಪಲ್ಲವಿ ಕೊನೆಯವರೆಗೆ ನಿಂತಿತು. ಮಕ್ಕಳು ಹಾಡು ನಿಲ್ಲಿಸಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು, 'ಟೀಚರ್, ಇದು ನಾವೇ ಹಾಡಿದ್ದೇನ್ರಿ?' ಎಂದು ಒಬ್ಬಳು ಕೇಳಿದಳು.

ಅದೇ ತಂಡವನ್ನು ಶಾಲೆಗಳ ಸಮೂಹಗಾನ ಸ್ಪರ್ಧೆಯೊಂದಕ್ಕೆ ಕರೆದೊಯ್ದೆ. ಬಹುಮಾನ ಬರಲಿಲ್ಲ, ಬರದಿದ್ದುದಕ್ಕೆ ಬೇಸರವೂ ಇಲ್ಲ. ತೀರ್ಪುಗಾರರ ಹಾಳೆಯಲ್ಲಿ 'ಎಲ್ಲ ವಿದ್ಯಾರ್ಥಿನಿಯರೂ ಒಂದೇ ಧಾಟಿಯಲ್ಲಿ ಹಾಡಲಿಲ್ಲ, ಹೊಂದಾಣಿಕೆ ಸಾಲದು' ಎಂದು ಬರೆದು ಅಂಕ ಕಳೆದಿದ್ದರು. ಹೊಂದಾಣಿಕೆಗೆಂದೇ ಐದು ವಾರ ಒದ್ದಾಡಿದ ಮಕ್ಕಳಿಗೆ ಆ ಸಾಲನ್ನು ಹೇಗೆ ವಿವರಿಸುವುದೆಂದು ತಿಳಿಯದೆ ಹಾಳೆಯನ್ನು ಚೀಲದಲ್ಲಿಟ್ಟುಕೊಂಡೆ. ತೀರ್ಪುಗಾರರನ್ನು ನಾನು ದೂರುವುದಿಲ್ಲ, ಅವರ ಕೈಗೆ ಕೊಟ್ಟ ನಿಯಮದಲ್ಲಿಯೇ ಎರಡನೆಯ ಸ್ವರಕ್ಕೆ ಜಾಗವಿರಲಿಲ್ಲ.

ಇಷ್ಟು ಬರೆದ ಮೇಲೆ ಮೂರು ವಿನಂತಿಗಳಿವೆ. ಶಾಲಾ ಕಾಲೇಜುಗಳ ಸಮೂಹಗಾನ ಸ್ಪರ್ಧೆಗಳನ್ನು ನಡೆಸುವವರು ಎರಡು ಅಥವಾ ಹೆಚ್ಚು ಸ್ವರಸಾಲುಗಳಲ್ಲಿ ಹಾಡುವ ತಂಡಗಳಿಗೆ ಪ್ರತ್ಯೇಕ ವಿಭಾಗವನ್ನು, ಅದನ್ನು ಬಲ್ಲ ಒಬ್ಬರಾದರೂ ತೀರ್ಪುಗಾರರನ್ನು ಇಡಬೇಕು. ನಮ್ಮ ಸಂಗೀತ ಕಾಲೇಜುಗಳು ಮತ್ತು ಅಕಾಡೆಮಿಯವರು ಕನ್ನಡ ಗೀತೆಗಳ ಬಹುಸ್ವರ ವಿನ್ಯಾಸಗಳನ್ನು ನಮ್ಮದೇ ಸ್ವರಲಿಪಿಯಲ್ಲಿ ಅಚ್ಚು ಹಾಕಿಸಿ ಶಾಲೆಗಳಿಗೆ ತಲುಪಿಸಬೇಕು. ಹಳ್ಳಿಯ ಶಿಕ್ಷಕಿಗೆ ಪಾಶ್ಚಾತ್ಯ ಐದು ಗೆರೆಯ ಲಿಪಿ ಬರುವುದಿಲ್ಲ, ಸಾ ರೆ ಗ ಮ ಬರುತ್ತದೆ.

ಮೂರನೆಯ ವಿನಂತಿ ತಮ್ಮಂಥ ಸಂಪಾದಕರಿಗೇ. ನಮ್ಮ ದೇಶದ ಕೃತಿಸ್ವಾಮ್ಯ ಕಾಯ್ದೆ ಸಂಗೀತ ಕೃತಿಯ ಹೊಸ ವಿನ್ಯಾಸವನ್ನು ರೂಪಾಂತರವೆಂದೇ ಪರಿಗಣಿಸುತ್ತದೆ, ಅಂದರೆ ಅದಕ್ಕೆ ಹಕ್ಕುದಾರರ ಒಪ್ಪಿಗೆ ಬೇಕು. ಕವಿಯ ಹಕ್ಕು ಅವರು ತೀರಿದ ಮೇಲೂ 60 ವರ್ಷ ಉಳಿಯುತ್ತದೆ. 1994ರಲ್ಲಿ ಅಗಲಿದ ಕುವೆಂಪು ಅವರ ಪದ್ಯಗಳು 2054ರ ಕೊನೆಯವರೆಗೆ ಈ ರಕ್ಷಣೆಯಲ್ಲಿವೆ. ಒಪ್ಪಿಗೆ ಪಡೆಯದೆ ಹಾಡುವ ತಂಡಗಳನ್ನು ಎಚ್ಚರಿಸುವುದು ಪತ್ರಿಕೆಯ ಕೆಲಸ. ಅಂತೆಯೇ ವೃಂದಗಾನದ ವರದಿಗಳಲ್ಲಿ ಕವಿಯ ಹೆಸರು, ರಾಗ ಸಂಯೋಜಕರ ಹೆಸರು, ಕೊನೆಗೆ ದೀಪ ಬೆಳಗಿದ ಗಣ್ಯರೆಲ್ಲರ ಹೆಸರು ಬರುತ್ತವೆ, ಆ ನಾಲ್ಕು ಸಾಲು ಸ್ವರಗಳನ್ನು ಬರೆದವರ ಹೆಸರು ಬರುವುದಿಲ್ಲ. ಮುಂದಿನ ವರದಿಯಲ್ಲಿ ಒಂದು ಗೆರೆ ಜಾಗ ಉಳಿದರೆ ದಯವಿಟ್ಟು ಅದನ್ನು ಅವರಿಗೆ ಕೊಡಿ.

ಇಂತು ತಮ್ಮ ವಿಶ್ವಾಸಿ,
ನಿವೃತ್ತ ಸಂಗೀತ ಶಿಕ್ಷಕಿ, ಧಾರವಾಡ